ಗಾಳಿಯ ದಾಹವೂ ಕಾಡಿನ ಕಿಚ್ಚೂ

ಕೆನಡ ದೇಶದ ಪಶ್ಚಿಮದ ಅಂಚಿನಲ್ಲಿ ಬ್ರಿಟಿಷ್ ಕೊಲಂಬಿಯ ಎಂಬ ಪ್ರಾಂತವಿದೆ. ಅಲ್ಲಿ ಥಾಮ್ಸನ್ ನದಿಯು ಫ್ರೇಸರ್ ನದಿಯನ್ನು ಕೂಡಿಕೊಳ್ಳುವ ಕಣಿವೆಯಲ್ಲಿ ಲಿಟನ್ ಎಂಬ ಒಂದು ಚಿಕ್ಕ ಊರು. ಊರಿನೊಳಗೆ ಕೆಲವೇ ನೂರು ಜನ. ಸುತ್ತಮುತ್ತ ನ್ಲಾಕಪಮಕ್ಸ್ ಎಂಬ ಮೂಲನಿವಾಸಿಗಳ ಹಳ್ಳಿಗಳು. ಉತ್ತರಕ್ಕೆ 50 ಡಿಗ್ರಿ ಅಕ್ಷಾಂಶದಲ್ಲಿರುವ, ಚಳಿಗಾಲದಲ್ಲಿ ಹಿಮ ಬೀಳುವ ಪ್ರದೇಶವಿದು. 2021ನೆಯ ಇಸವಿಯ ಜೂನ್ 27ರಂದು ಇಲ್ಲಿನ ಉಷ್ಣತೆ 46.6 ಡಿಗ್ರಿ ಸೆಂಟಿಗ್ರೇಡಿಗೆ ಏರಿತು. ಅದುವರೆಗೆ ಇಡೀ ಕೆನಡ ದೇಶದಲ್ಲಿ ದಾಖಲಾಗಿದ್ದ ಅತ್ಯಧಿಕ ಉಷ್ಣತೆಯೆಂದರೆ 1937ರ 45 ಡಿಗ್ರಿ. ಮರುದಿನ ಲಿಟನ್ನಿನಲ್ಲಿ 47.9 ಡಿಗ್ರಿ, ಅದರ ಮರುದಿನ 49.6 ಡಿಗ್ರಿ. ನಮ್ಮ ರಾಯಚೂರು ಕಲಬುರಗಿಗಳ ಕಡುಬೇಸಗೆಯೂ ಈ ಮಟ್ಟವನ್ನು ಮುಟ್ಟಿದ್ದಿಲ್ಲ. ನಾಲ್ಕನೆಯ ದಿನವಾದ ಜೂನ್ 30ರ ಸಂಜೆ ಊರಿಗೆ ಬೆಂಕಿ ಹೊಕ್ಕಿತು. ಜನರು ಉಟ್ಟ ಬಟ್ಟೆಯಲ್ಲಿಯೇ ಓಡಬೇಕಾಯಿತು. ಇಬ್ಬರು ಸತ್ತರು. ಊರಿನ ಹತ್ತರಲ್ಲಿ ಒಂಬತ್ತು ಪಾಲು ಬೂದಿಯಾಯಿತು.

ಆ ವಾರದ ಬಿಸಿಲಿಗೆ ಕಾರಣವನ್ನು ಹವಾಶಾಸ್ತ್ರಜ್ಞರು ಸುಲಭವಾಗಿಯೇ ವಿವರಿಸುತ್ತಾರೆ. ಅಧಿಕ ಒತ್ತಡದ ಗಾಳಿಯ ರಾಶಿಯೊಂದು ಆ ಪ್ರದೇಶದ ಮೇಲೆ ಗುಮ್ಮಟದಂತೆ ಕವಿದು ಕದಲದೆ ನಿಂತಿತ್ತು. ಅಂಥ ರಾಶಿಯೊಳಗೆ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುವುದು. ಇಳಿಯುತ್ತ ಒತ್ತಲ್ಪಟ್ಟು ಬಿಸಿಯಾಗುವುದು. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತಳ ಬಿಸಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಮೋಡವಿಲ್ಲದ ಆಕಾಶದಿಂದ ಬಿದ್ದ ಜೂನ್ ತಿಂಗಳ ದೀರ್ಘವಾದ ಬಿಸಿಲು ಇದಕ್ಕೆ ಕೂಡಿಕೊಂಡಿತು. ಆದರೆ ಇಂಥ ಗುಮ್ಮಟಗಳು ಹಿಂದೆಯೂ ಕವಿದಿದ್ದುವು. ಕಾಡುಗಳು ಹಿಂದೆಯೂ ಉರಿದಿದ್ದುವು. ಹಾಗಿದ್ದ ಮೇಲೆ ಈಗಿನ ಬೆಂಕಿಯಲ್ಲಿ ಹೊಸತೇನಿದೆ? ಭೂಮಿ ಒಂದೆರಡು ಡಿಗ್ರಿ ಬಿಸಿಯಾದರೆ ಕಾಡಿಗೆ ಬೀಳುವ ಬೆಂಕಿ ಅಷ್ಟೇಕೆ ಉಲ್ಬಣಿಸಬೇಕು? ಸೌದೆ ಹೊತ್ತಿಕೊಳ್ಳಲು ಸುಮಾರು 300 ಡಿಗ್ರಿ ಶಾಖ ಬೇಕು. ಗಾಳಿ 30 ಡಿಗ್ರಿಯಿದ್ದರೇನು, 32 ಡಿಗ್ರಿಯಿದ್ದರೇನು? ಈ ಪ್ರಶ್ನೆ ಬುದ್ಧಿವಂತ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವುದು ಸಹಜ. ಅದಕ್ಕೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಮಾತು. ಕಾಡಿಗೂ ಬೆಂಕಿಗೂ ಇರುವ ನಂಟು ಬಹಳ ಹಳೆಯದು. ಕೆನಡದ ಉತ್ತರಭಾಗವನ್ನು ಒಂದು ಕಡಲತೀರದಿಂದ ಇನ್ನೊಂದು ಕಡಲತೀರದವರೆಗೆ ಕಂಬಳಿಯಂತೆ ಹೊದ್ದುಕೊಂಡಿರುವ ಸ್ಪ್ರೂಸ್ ಮತ್ತು ಪೈನ್ ಮರಗಳ ಕಾಡು ಬೆಂಕಿಯೊಡನೆಯೇ ಬೆಳೆದು ಬಂದದ್ದು. ಅಲ್ಲಿನ ಜ್ಯಾಕ್ ಪೈನ್ ಎಂಬ ಮರದ ಕಾಯಿಯನ್ನು ನೋಡಿ. ಅದರ ತೊಗಟೆಯ ಪದರಗಳು ಗಟ್ಟಿಯಾದ ರಾಳದಿಂದ ಬೆಸೆದುಕೊಂಡಿರುತ್ತವೆ. ಎಷ್ಟೋ ವರ್ಷಗಳ ಕಾಲ ಕಾಯಿ ಬಾಯಿಬಿಡದೆ ಕೊಂಬೆಯ ಮೇಲೆಯೇ ಕಾದಿರುವುದು. ಕಾಡಿಗೆ ಕಿಚ್ಚು ಬಿದ್ದಾಗ ರಾಳ ಕರಗುವುದು, ಕಾಯಿ ತೆರೆಯುವುದು, ಬೀಜಗಳು ಬೂದಿ ಬಿದ್ದ ನೆಲಕ್ಕೆ ಉದುರುವುವು. ತಾಯಿಮರ ಸುಟ್ಟರೂ ಅದರ ಸಂತತಿ ಮೊದಲಿಗಿಂತ ಸೊಂಪಾಗಿ ಏಳುವುದು. ಆದಕಾರಣ ಕಾಡಿನಲ್ಲಿ ಬೆಂಕಿಯೇ ಕೂಡದೆನ್ನುವುದು ಸಸ್ಯಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಎಷ್ಟು ವರ್ಷಕ್ಕೊಮ್ಮೆ, ಎಷ್ಟು ವಿಸ್ತಾರದಲ್ಲಿ, ಎಷ್ಟು ಆಳಕ್ಕೆ ಬೆಂಕಿ ಬೀಳುತ್ತದೆ ಎಂಬುದರಲ್ಲಿಯೇ ವಿಷಯವೆಲ್ಲ ಅಡಗಿದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಬೆಂಕಿಗೆ ಬೇಕಾದುದು ಉರುವಲು, ಆಮ್ಲಜನಕ ಮತ್ತು ಶಾಖ ಎಂದು ಶಾಲೆಯಲ್ಲಿ ಓದುತ್ತೇವೆ. ಮಾತು ಸರಿಯೇ, ಆದರೆ ಅದರಲ್ಲಿ ಬೆಂಕಿಯ ದೊಡ್ಡ ಶತ್ರುವಾದ ನೀರಿನ ಹೆಸರೇ ಇಲ್ಲ. ಸೌದೆಯ ಒಲೆ ಹೊತ್ತಿಸಿದವರಿಗೆ ಈ ಶತ್ರುವಿನ ಪರಿಚಯ ಚೆನ್ನಾಗಿಯೇ ಇರುವುದು. ಹಸಿಸೌದೆಯನ್ನು ಒಲೆಗಿಟ್ಟರೆ ಅದರ ಹಿಂತುದಿಯಲ್ಲಿ ನೊರೆ ನೊರೆಯಾಗಿ ನೀರು ಚುಂಯ್‌ಗುಟ್ಟುವುದು, ಹೊಗೆ ಕಣ್ಣನ್ನು ಉರಿಸುವುದು, ಉರಿ ಮಾತ್ರ ಏಳದು. ಕುದಿಯುವ ಬಿಸಿಯಲ್ಲಿರುವ ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ನೀರೆಲ್ಲ ಆವಿಯಾಗಿ ಹೋಗುವ ತನಕ ಸೌದೆಯ ಉಷ್ಣತೆ 100 ಡಿಗ್ರಿಯ ಸುತ್ತಲೇ ತೆವಳುವುದಲ್ಲದೆ ಹೊತ್ತಿಕೊಳ್ಳುವ ಮಟ್ಟಕ್ಕೆ ಏರದು. ಕಾಡಿನ ತರಗೆಲೆಯಲ್ಲಿಯೂ ಇದೇ ಕಥೆ. ಅದರಲ್ಲಿರುವ ನೀರು ಒಣತೂಕದ ನೂರಕ್ಕೆ ಮೂವತ್ತರಷ್ಟನ್ನು ಮೀರಿದ್ದರೆ ಸಾಮಾನ್ಯವಾಗಿ ಕಿಡಿ ಬಿದ್ದರೂ ಬೆಂಕಿ ಹಬ್ಬುವುದಿಲ್ಲ. ಹತ್ತಕ್ಕಿಂತ ಕೆಳಗಿಳಿದರೆ ತಡೆಯೇ ಇಲ್ಲ. ಕಾಡಿನ ಭವಿಷ್ಯ ಈ ಎರಡು ಅಂಕಿಗಳ ನಡುವೆ ತೂಗುತ್ತಿರುತ್ತದೆಂದರೆ ಹೆಚ್ಚಲ್ಲ.

ಹಾಗಾದರೆ ಆ ನೀರನ್ನು ಕಸಿದುಕೊಳ್ಳುವವರು ಯಾರು? ಗಾಳಿ. ಇಲ್ಲಿಯೇ ಒಂದೆರಡು ಡಿಗ್ರಿಯ ಮಹತ್ವ ಹೊರಬೀಳುವುದು.

ಗಾಳಿಯಲ್ಲಿ ನೀರಿನ ಆವಿ ಇರಬಲ್ಲ ಪ್ರಮಾಣಕ್ಕೆ ಒಂದು ಮಿತಿಯುಂಟು. ಆ ಮಿತಿಯನ್ನು ಮುಟ್ಟಿದ ಗಾಳಿಯನ್ನು ಸಂತೃಪ್ತವೆನ್ನುತ್ತೇವೆ. 10 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿಗೆ 9.4 ಗ್ರಾಂ ಆವಿ ಸಾಕು. 20 ಡಿಗ್ರಿಯಲ್ಲಿ 17.3 ಗ್ರಾಂ ಬೇಕು. 30 ಡಿಗ್ರಿಯಲ್ಲಿ 30.4 ಗ್ರಾಂ, 40 ಡಿಗ್ರಿಯಲ್ಲಿ 51 ಗ್ರಾಂ. ಲಿಟನ್ನಿನ ಜೂನ್ 29ರ ಗಾಳಿಯಂತೆ 50 ಡಿಗ್ರಿಯ ಸಮೀಪಕ್ಕೆ ಹೋದರೆ 83 ಗ್ರಾಮಿನಷ್ಟು! ಓದುಗರು ಈ ಅಂಕಿಗಳನ್ನು ಒಂದು ಗೆರೆಯಾಗಿ ಬರೆದು ನೋಡಬೇಕು. ಉಷ್ಣತೆ ಸಮ ಹೆಜ್ಜೆಗಳಲ್ಲಿ ಏರಿದರೂ ಆವಿಯ ಮಿತಿ ಸಮ ಹೆಜ್ಜೆಗಳಲ್ಲಿ ಏರುವುದಿಲ್ಲ, ಚಕ್ರಬಡ್ಡಿಯಂತೆ ಏರುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲಾಪಿರಾನ್ ಮತ್ತು ಜರ್ಮನಿಯ ಕ್ಲಾಸಿಯಸ್ ಎಂಬ ವಿಜ್ಞಾನಿಗಳು ಇದರ ಹಿಂದಿನ ನಿಯಮವನ್ನು ಕಂಡುಕೊಟ್ಟರು. ನಮ್ಮ ಸುತ್ತಣ ಉಷ್ಣತೆಗಳಲ್ಲಿ ಅದರ ತಾತ್ಪರ್ಯ ಇಷ್ಟು: ಒಂದು ಡಿಗ್ರಿ ಹೆಚ್ಚಿದರೆ ಆವಿಯ ಮಿತಿ ನೂರಕ್ಕೆ ಸುಮಾರು ಏಳರಂತೆ ಹೆಚ್ಚುವುದು.

ಗಾಳಿಯಲ್ಲಿ ಈಗಿರುವ ಆವಿಗೂ ಇರಬಲ್ಲ ಆವಿಗೂ ನಡುವಣ ಅಂತರವನ್ನು ಗಾಳಿಯ ದಾಹವೆಂದು ಕರೆಯೋಣ. ಮುಂಜಾನೆ 20 ಡಿಗ್ರಿ ಇದ್ದಾಗ ಒಂದು ಘನಮೀಟರಿನಲ್ಲಿ 10.4 ಗ್ರಾಂ ಆವಿ ಇತ್ತೆನ್ನಿ. ದಾಹ 6.9 ಗ್ರಾಂ. ಮಧ್ಯಾಹ್ನ ಅದೇ ಗಾಳಿ 30 ಡಿಗ್ರಿಗೆ ಬಿಸಿಯಾಯಿತು. ಆವಿ ಎಲ್ಲಿಯೂ ಹೋಗಿಲ್ಲ, ಎಲ್ಲಿಂದಲೂ ಬಂದಿಲ್ಲ. ದಾಹ ಮಾತ್ರ 20 ಗ್ರಾಮಿಗೆ ಏರಿತು, ಅಂದರೆ ಸುಮಾರು ಮೂರು ಪಟ್ಟು. ಬೆಳಗ್ಗೆ ಹರವಿದ ಹಪ್ಪಳ ಮಧ್ಯಾಹ್ನದ ಹೊತ್ತಿಗೆ ಗರಿಗರಿಯಾಗುವುದರಲ್ಲಿ ಬಿಸಿಲಿನ ಕೈವಾಡದೊಡನೆ ಈ ದಾಹದ ಕೈವಾಡವೂ ಉಂಟು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಭೂಮಿ ಬಿಸಿಯಾದಾಗ ಕಡಲಿನಿಂದ ಹೆಚ್ಚು ನೀರು ಆವಿಯಾಗುವುದಲ್ಲವೆ? ಗಾಳಿಯಲ್ಲಿ ಆವಿಯೂ ಹೆಚ್ಚಿ ಸಾಪೇಕ್ಷ ಆರ್ದ್ರತೆ ಮೊದಲಿನಷ್ಟೇ ಉಳಿದರೆ ದಾಹವೂ ಮೊದಲಿನಷ್ಟೇ ಇರಬೇಕಲ್ಲವೆ? ಇರದು. 20 ಡಿಗ್ರಿಯಲ್ಲಿ ಆರ್ದ್ರತೆ ನೂರಕ್ಕೆ 50 ಇದ್ದರೆ ದಾಹ 8.7 ಗ್ರಾಂ. 22 ಡಿಗ್ರಿಯಲ್ಲಿ ಮಿತಿ 19.4 ಗ್ರಾಂ ಆದ್ದರಿಂದ, ಅದೇ 50ರ ಆರ್ದ್ರತೆಯಲ್ಲಿ ದಾಹ 9.7 ಗ್ರಾಂ ಆಗುವುದು. ಮೇಲಾಗಿ ನೆಲ ಕಾಯುವಷ್ಟು ಬೇಗ ಕಡಲು ಕಾಯುವುದಿಲ್ಲ. ಕಡಲಿನಿಂದ ಬರುವ ಆವಿ ನೆಲದ ಮೇಲಿನ ಗಾಳಿಯ ಏರುವ ಮಿತಿಗೆ ಸರಿದೂಗದೆ, ನೆಲದ ಮೇಲೆ ಆರ್ದ್ರತೆಯೇ ಕುಗ್ಗುವುದು. ಕೆನಡದಲ್ಲಿ ಇದು ಇನ್ನೂ ಎದ್ದುಕಾಣುವ ಸಂಗತಿ. ಏಕೆಂದರೆ ಆ ದೇಶವು ಪ್ರಪಂಚದ ಸರಾಸರಿಯ ಸುಮಾರು ಎರಡರಷ್ಟು ವೇಗದಲ್ಲಿ ಬಿಸಿಯಾಗುತ್ತಿದೆ. 1948ರಿಂದ 2016ರವರೆಗಿನ ಅವಧಿಯಲ್ಲಿ ಅಲ್ಲಿನ ನೆಲದ ಸರಾಸರಿ ಉಷ್ಣತೆ 1.7 ಡಿಗ್ರಿ ಹೆಚ್ಚಿತೆಂದು ಲೆಕ್ಕ ಹಾಕಿದ್ದಾರೆ.

ಹೀಗೆ ಹೆಚ್ಚಿದ ದಾಹವನ್ನು ಮಳೆ ತೀರಿಸಲಾರದೆ? ಇದೇ ನಮ್ಮ ವಿಷಯದ ಮುಖ್ಯವಾದ ಗಂಟು. ಇದನ್ನು ಬಿಚ್ಚಲು ಕೆನಡದ ಅರಣ್ಯವಿಜ್ಞಾನಿಗಳು ಬಳಸುವ ಒಂದು ಲೆಕ್ಕದ ಪದ್ಧತಿಯನ್ನು ತಿಳಿಯಬೇಕು. 1970ರಲ್ಲಿ ಬಳಕೆಗೆ ಬಂದ ಈ ಪದ್ಧತಿಯನ್ನು ಈಗ ಬೇರೆ ಎಷ್ಟೋ ದೇಶಗಳು ಅನುಸರಿಸುತ್ತಿವೆ. ಅದರ ಸರಳತೆಯನ್ನು ಮೆಚ್ಚಲೇಬೇಕು. ಪ್ರತಿದಿನ ನಡುಹಗಲಿನಲ್ಲಿ ಉಷ್ಣತೆ, ಆರ್ದ್ರತೆ, ಗಾಳಿಯ ವೇಗ ಮತ್ತು ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆ, ಈ ನಾಲ್ಕನ್ನು ಮಾತ್ರ ಅಳೆಯುತ್ತಾರೆ. ಇವುಗಳಿಂದ ಕಾಡಿನ ನೆಲದ ಮೂರು ಪದರಗಳಲ್ಲಿ ಎಷ್ಟು ತೇವ ಉಳಿದಿದೆಯೆಂಬುದನ್ನು ಲೆಕ್ಕ ಹಾಕುತ್ತಾರೆ. ಮೇಲ್ಪದರವೆಂದರೆ ಒಂದೆರಡು ಸೆಂಟಿಮೀಟರ್ ದಪ್ಪದ ಒಣ ತರಗು, ಸೂಜಿಯೆಲೆ, ಪಾಚಿ. ಅದರ ಕೆಳಗೆ ಏಳು ಸೆಂಟಿಮೀಟರಿನವರೆಗೆ ಅರ್ಧ ಕೊಳೆತ ತರಗು. ಅದಕ್ಕೂ ಕೆಳಗೆ, ಸುಮಾರು 18 ಸೆಂಟಿಮೀಟರ್ ಆಳದವರೆಗೆ, ಒತ್ತಾಗಿ ಕೂತ ಕಪ್ಪು ಕೊಳೆಮಣ್ಣು. ಮೇಲ್ಪದರ ತನ್ನ ಹೆಚ್ಚುವರಿ ತೇವದ ಮೂರರಲ್ಲಿ ಎರಡು ಪಾಲನ್ನು ಒಂದು ದಿನದೊಳಗೆ ಕಳೆದುಕೊಳ್ಳುವುದು. ನಡುವಿನದಕ್ಕೆ ಹನ್ನೆರಡು ದಿನ ಬೇಕು. ಕೆಳಗಿನದಕ್ಕೆ ಐವತ್ತೆರಡು ದಿನ. ಮೂರು ಲೇವಾದೇವಿಯ ಪುಸ್ತಕಗಳಿವೆ ಎಂದುಕೊಳ್ಳಿ. ಒಂದರಲ್ಲಿ ದಿನದ ಕೈಸಾಲ, ಒಂದರಲ್ಲಿ ತಿಂಗಳ ಸಾಲ, ಮತ್ತೊಂದರಲ್ಲಿ ಇಡೀ ಋತುವಿನ ಸಾಲ. ಮಳೆ ಎಲ್ಲ ಪುಸ್ತಕಗಳಲ್ಲಿಯೂ ಜಮೆಯಾಗುವುದು. ಗಾಳಿಯ ದಾಹ ಎಲ್ಲದರಲ್ಲಿಯೂ ಖರ್ಚು ಬರೆಯುತ್ತಲೇ ಇರುವುದು.

ಈ ಪುಸ್ತಕಗಳನ್ನು ಇಟ್ಟುಕೊಂಡು ಮೈಕ್ ಫ್ಲ್ಯಾನಿಗನ್ ಮತ್ತು ಅವರ ಸಹೋದ್ಯೋಗಿಗಳು 2016ರಲ್ಲಿ ಒಂದು ನೇರವಾದ ಪ್ರಶ್ನೆ ಕೇಳಿದರು: ಉಷ್ಣತೆ ಒಂದು ಡಿಗ್ರಿ ಹೆಚ್ಚಿದರೆ, ಕಾಡಿನ ತೇವ ಮೊದಲಿನಷ್ಟೇ ಉಳಿಯಬೇಕಾದರೆ, ಎಷ್ಟು ಮಳೆ ಹೆಚ್ಚಾಗಬೇಕು? ಉತ್ತರ ಹೀಗೆ ಬಂದಿತು. ಮೇಲ್ಪದರಕ್ಕೆ ನೂರಕ್ಕೆ ಹದಿನೈದರಷ್ಟು ಅಥವಾ ಅದಕ್ಕಿಂತಲೂ ಮಿಗಿಲು. ನಡುವಿನ ಪದರಕ್ಕೆ ಸುಮಾರು ಹತ್ತು. ಆಳದ ಪದರಕ್ಕೆ ಸುಮಾರು ಐದು. ಆದರೆ ಪ್ರಪಂಚದ ಒಟ್ಟು ಮಳೆ ಡಿಗ್ರಿಗೆ ನೂರಕ್ಕೆ ಎರಡು ಮೂರರಂತೆ ಹೆಚ್ಚಬಹುದೆಂದು ಮಾತ್ರ ನಿರೀಕ್ಷೆ. ಹೆಚ್ಚಿದ ಮಳೆಯೂ ಬೇಸಗೆಯ ಉದ್ದಕ್ಕೂ ಹಂಚಿ ಬೀಳುವುದೆಂಬ ಭರವಸೆಯಿಲ್ಲ. ಕೆಲವೇ ದಿನ ರಭಸದಿಂದ ಸುರಿದು ಹೊಳೆಗೆ ಹರಿದುಹೋಗಬಹುದು. ಒಂದು ಪ್ರದೇಶದಲ್ಲಿ ವರ್ಷದ ಮಳೆ ಹೆಚ್ಚಿದ್ದರೂ ಅದೇ ವರ್ಷ ಕಾಡು ಹಿಂದಿಗಿಂತ ಒಣಗಿರುವುದು ಸಾಧ್ಯವೆಂಬ ವಿಚಿತ್ರ ಇದರಿಂದ ಅರ್ಥವಾಗುವುದು. ಮಹಾಭಾರತದ ಖಾಂಡವದಹನದಲ್ಲಿ ಇಂದ್ರನು ಸುರಿಸಿದ ಮಳೆ ಕಾಡಿನ ಬೆಂಕಿಯನ್ನು ಮುಟ್ಟಲಿಲ್ಲ. ಅರ್ಜುನನ ಬಾಣಗಳ ಚಪ್ಪರ ಅದನ್ನು ತಡೆಯಿತು. ಈಗಿನ ಕಾಡಿನ ಮೇಲೆ ಮಳೆಯನ್ನು ತಡೆಯುವ ಚಪ್ಪರವಿಲ್ಲ. ಮಳೆ ನೆಲವನ್ನು ಮುಟ್ಟುವುದು, ಆದರೆ ಲೆಕ್ಕ ಮುಗಿಸಲಾರದು.

ಒಣಗಿದ ಕಾಡಿಗೆ ಕಿಡಿ ಬೇಕು. ಕೆನಡದಲ್ಲಿ ಕಾಡುಬೆಂಕಿಗಳ ಪೈಕಿ ಸುಮಾರು ಅರ್ಧದಷ್ಟು ಸಿಡಿಲಿನಿಂದ ಹುಟ್ಟುತ್ತವೆ, ಉಳಿದವು ಮನುಷ್ಯರಿಂದ. ಆದರೆ ಸುಟ್ಟುಹೋಗುವ ನೆಲದ ಬಹುಪಾಲು ಸಿಡಿಲಿನ ಬೆಂಕಿಯದೇ, ಏಕೆಂದರೆ ಅದು ದಾರಿಯಿಲ್ಲದ ದೂರದ ಅಡವಿಯಲ್ಲಿ ಬೀಳುವುದು. ಆರಿಸುವವರು ತಲಪುವಷ್ಟರಲ್ಲಿ ಕೈಮೀರಿರುವುದು. ಬೇಸಗೆ ಉದ್ದವಾದಷ್ಟೂ ಕಿಡಿಗೂ ಒಣ ತರಗಿಗೂ ಭೇಟಿಯಾಗುವ ಸಂದರ್ಭಗಳು ಹೆಚ್ಚುತ್ತವೆ.

ಆಲ್ಬರ್ಟ ಪ್ರಾಂತದ ಫೋರ್ಟ್ ಮೆಕ್‌ಮರಿ ಪಟ್ಟಣದ ಬೆಂಕಿ ಇದಕ್ಕೆ ತಕ್ಕ ನಿದರ್ಶನ. ಕಚ್ಚಾ ತೈಲದ ಮರಳಿನ ಗಣಿಗಳಿಂದ ಬೆಳೆದ ಪಟ್ಟಣವದು. 2016ರ ಮೇ 3ರಂದು, ಅಂದರೆ ನೆಲದ ಹಿಮ ಕರಗಿ ಬಹಳ ದಿನವಾಗಿರಬಾರದ ಕಾಲದಲ್ಲಿ, ಅಲ್ಲಿ ಉಷ್ಣತೆ 32 ಡಿಗ್ರಿಯನ್ನು ಮೀರಿತ್ತು. ವಸಂತದ ಆರಂಭದಲ್ಲಿ ಉತ್ತರದ ಕಾಡಿಗೆ ಒಂದು ವಿಶೇಷವಾದ ಅಪಾಯದ ಸಮಯವುಂಟು. ಹಳದಿ ಬಣ್ಣಕ್ಕೆ ತಿರುಗಿ ಒಣಗಿದ ಹಿಂದಿನ ವರ್ಷದ ಹುಲ್ಲು ಹಿಮದಡಿಯಿಂದ ಹೊರಬಿದ್ದಿರುತ್ತದೆ; ಎಲೆಯುದುರುವ ಮರಗಳು ಇನ್ನೂ ಚಿಗುರಿರುವುದಿಲ್ಲ; ಸ್ಪ್ರೂಸ್ ಪೈನ್‌ಗಳ ಸೂಜಿಯೆಲೆಗಳಲ್ಲಿ ನೀರಿನ ಅಂಶ ವರ್ಷದಲ್ಲೇ ತೀರ ತಗ್ಗಿರುತ್ತದೆ. ಇಂಥ ಹೊತ್ತಿನಲ್ಲಿ ಬೇಸಗೆಯ ಬಿಸಿಲು ಬಂದಪ್ಪಳಿಸಿತು. ಬೆಂಕಿ ಮರಗಳ ನೆತ್ತಿಗೆ ಏರಿ, ಅಥಬಾಸ್ಕ ನದಿಯನ್ನೇ ಹಾರಿ ದಾಟಿತು. ಬೆಂಕಿ ನದಿಯನ್ನು ದಾಟುವ ಬಗೆ ಹೀಗೆ: ಉರಿಯ ಮೇಲೆ ಏಳುವ ಬಿಸಿಗಾಳಿ ಹೊತ್ತಿರುವ ತೊಗಟೆಯ ಚೂರುಗಳನ್ನು ಎತ್ತಿ ಮುಂದಕ್ಕೆ ಎಸೆಯುವುದು. ಮೇಲ್ಪದರದ ತರಗು ಒದ್ದೆಯಾಗಿದ್ದರೆ ಅವು ಬಿದ್ದಲ್ಲಿಯೇ ಆರುವುವು. ಒಣಗಿದ್ದರೆ ಪ್ರತಿಯೊಂದು ಚೂರೂ ಒಂದು ಹೊಸ ಬೆಂಕಿ. ಒಂದೇ ಹೆದ್ದಾರಿಯಿದ್ದ ಪಟ್ಟಣದಿಂದ ಸುಮಾರು 88,000 ಜನ, ರಸ್ತೆಯ ಎರಡೂ ಬದಿ ಉರಿಯುತ್ತಿರಲು, ಹೊರಬಿದ್ದರು. ಸುಮಾರು 2,400 ಕಟ್ಟಡಗಳು ನಾಶವಾದುವು. ಆ ಪಟ್ಟಣದ ಅನ್ನ ಬಂದದ್ದು ನೆಲದಡಿಯ ಇಂಗಾಲದಿಂದ ಎಂಬುದನ್ನು ನೆನೆದು ಕೆಲವರು ಆಗ ಕುಹಕವಾಡಿದರು. ಅಲ್ಲಿಂದ ಓಡಿದವರಲ್ಲಿ ಹೆಚ್ಚಿನವರು ದುಡಿದು ತಿನ್ನುವ ಜನ. ಅಂಥ ಮಾತು ನಮಗೆ ಹಿಡಿಸುವುದಿಲ್ಲ.

ಬೆಂಕಿ ಒಂದು ಗಾತ್ರವನ್ನು ಮೀರಿದರೆ ಹವೆಯನ್ನು ತಾನೇ ಸೃಷ್ಟಿಸತೊಡಗುವುದು. ಬಿಸಿಗಾಳಿ, ಹೊಗೆ, ಮರದೊಳಗಿನ ನೀರಿನ ಆವಿ ಎಲ್ಲ ಸೇರಿ ಹತ್ತು ಹನ್ನೆರಡು ಕಿಲೊಮೀಟರ್ ಎತ್ತರಕ್ಕೆ ಏರಿ ಗುಡುಗುಮೋಡವಾಗುವುದು. ಆ ಮೋಡದಿಂದ ಮಳೆ ಬೀಳುವುದು ಕಡಿಮೆ, ಸಿಡಿಲು ಹೆಚ್ಚು. ಲಿಟನ್ ಸುಟ್ಟ ದಿನದ ಸಂಜೆಯಿಂದ ಮರುದಿನ ಬೆಳಗಿನವರೆಗೆ ಬ್ರಿಟಿಷ್ ಕೊಲಂಬಿಯ ಮತ್ತು ಅದರ ನೆರೆಯಲ್ಲಿ ಇಂಥ ಮೋಡಗಳ ಕಾರಣದಿಂದ ಲಕ್ಷಗಟ್ಟಲೆ ಮಿಂಚುಗಳನ್ನು ಉಪಕರಣಗಳು ಎಣಿಸಿದುವು. ಬೆಂಕಿಯೇ ಬೆಂಕಿಯನ್ನು ಬಿತ್ತುತ್ತ ಹೋಗುವ ಈ ನೋಟ ವಿಜ್ಞಾನಿಗಳನ್ನೂ ದಂಗುಬಡಿಸಿತು. ರಾತ್ರಿಯ ವಿಷಯವೂ ಹೀಗೆಯೇ. ಹಿಂದೆ ಸೂರ್ಯಾಸ್ತದ ಮೇಲೆ ಗಾಳಿ ತಂಪಾಗಿ, ಅದರ ದಾಹ ತಗ್ಗಿ, ಬೆಂಕಿ ಮಲಗುತ್ತಿತ್ತು. ಆರಿಸುವವರಿಗೆ ಆಗ ಕೈ ಮೇಲಾಗುತ್ತಿತ್ತು. ಈಚೆಗೆ ಬೆಚ್ಚಗಿನ ರಾತ್ರಿಗಳಲ್ಲಿ ಬೆಂಕಿ ಮಲಗುವುದೇ ಅಪರೂಪ.

ಎಲ್ಲ ಹೊಣೆಯನ್ನೂ ತಾಪವೃದ್ಧಿಯ ತಲೆಗೆ ಕಟ್ಟುವುದು ನ್ಯಾಯವೆ? 2021ರ ಆ ಬಿಸಿಲನ್ನು ಕುರಿತು ಹಲವು ದೇಶಗಳ ವಿಜ್ಞಾನಿಗಳು ಕೂಡಿ ಲೆಕ್ಕ ಹಾಕಿ, ಮನುಷ್ಯನು ವಾಯುಮಂಡಲಕ್ಕೆ ತುಂಬಿದ ಇಂಗಾಲದ ಡೈ ಆಕ್ಸೈಡು ಮುಂತಾದ ಅನಿಲಗಳಿಲ್ಲದಿದ್ದರೆ ಅಂಥ ಉಷ್ಣತೆ ಹೆಚ್ಚುಕಡಿಮೆ ಅಸಂಭವವೆಂದು ತೀರ್ಮಾನಿಸಿದರು. ಆದರೆ ಇದರೊಡನೆ ಬೇರೆ ಎರಡು ಸಂಗತಿಗಳನ್ನೂ ಹೇಳದೆ ಬಿಟ್ಟರೆ ಚಿತ್ರ ಅಪೂರ್ಣವಾಗುವುದು.

ಒಂದನೆಯದಾಗಿ, ಇಡೀ ಭೂಮಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವರ್ಷಕ್ಕೆ ಸುಡುವ ನೆಲದ ವಿಸ್ತೀರ್ಣ ಈ ಶತಮಾನದ ಮೊದಲ ವರ್ಷಗಳಿಂದ ಕಡಿಮೆಯಾಗಿದೆ! ಉಪಗ್ರಹಗಳು 1998ರಿಂದ 2015ರವರೆಗೆ ಕಂಡ ಇಳಿತ ಸುಮಾರು ಕಾಲು ಭಾಗ. ಆಫ್ರಿಕದ ಹುಲ್ಲುಗಾವಲುಗಳು ಉತ್ತು ಬಿತ್ತುವ ಹೊಲಗಳಾಗುತ್ತಿರುವುದು ಇದಕ್ಕೆ ದೊಡ್ಡ ಕಾರಣ. ಹುಲ್ಲಿನ ಬೆಂಕಿ ಇಳಿದಿದೆ, ಕಾಡಿನ ಬೆಂಕಿ ಏರಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಓದುಗರನ್ನು ದಾರಿ ತಪ್ಪಿಸುತ್ತಾರೆ.

ಎರಡನೆಯದಾಗಿ, ಮನುಷ್ಯನು ಬೆಂಕಿಯನ್ನು ಆರಿಸಿದ ಪಾಪವೂ ಇದರಲ್ಲಿ ಸೇರಿದೆ. ಬ್ರಿಟಿಷ್ ಕೊಲಂಬಿಯದ ಒಣ ಕಣಿವೆಗಳಲ್ಲಿ ಮೂಲನಿವಾಸಿಗಳು ತಂಪಿನ ಕಾಲದಲ್ಲಿ ಚಿಕ್ಕ ಚಿಕ್ಕ ಬೆಂಕಿಗಳನ್ನು ಹಚ್ಚಿ ತರಗನ್ನು ಸುಡುತ್ತಿದ್ದರು. ಹಣ್ಣಿನ ಪೊದೆಗಳು ಅದರಿಂದ ಚೆನ್ನಾಗಿ ಚಿಗುರುತ್ತಿದ್ದುವು. 1874ರ ಒಂದು ಕಾನೂನು ಆ ಪದ್ಧತಿಯನ್ನು ಅಪರಾಧವನ್ನಾಗಿಸಿತು. ಆಮೇಲೆ ಕಂಡ ಬೆಂಕಿಯನ್ನೆಲ್ಲ ಆರಿಸುತ್ತ ಬಂದುದರಿಂದ ತರಗು, ಪೊದೆ, ಎಳೆಮರಗಳು ಒತ್ತಾಗಿ, ನೆಲದ ಉರಿ ಮರದ ನೆತ್ತಿಗೆ ಏರಲು ಏಣಿಯಿಟ್ಟಂತಾಯಿತು. ಈ ಕಥೆ ಕನ್ನಡಿಗರಿಗೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಿನಲ್ಲಿಯೇ ಹಚ್ಚುತ್ತಿದ್ದ ಹಗುರವಾದ ಬೆಂಕಿಗೆ ‘ತರಗು ಬೆಂಕಿ’ ಎಂದೇ ಹೆಸರು. 1974ರಲ್ಲಿ ಆ ಬೆಟ್ಟ ವನ್ಯಧಾಮವಾದ ಮೇಲೆ ಅದು ನಿಂತಿತು. ಆನಂತರ ಲಂಟಾನ ಪೊದೆ ಕಾಡನ್ನೆಲ್ಲ ಆವರಿಸಿಕೊಂಡಿತೆಂದೂ, ಈಗ ಬೀಳುವ ಬೆಂಕಿ ಹಿಂದಿನದಕ್ಕಿಂತ ಉಗ್ರವೆಂದೂ ಸೋಲಿಗರು ಹೇಳುತ್ತಾರೆ. ಅವರ ಮಾತನ್ನು ಸಸ್ಯಪರಿಸರ ತಜ್ಞರು ಈಗ ಗಂಭೀರವಾಗಿ ಪರಿಶೀಲಿಸಿದ್ದಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಮಿಕ್ಕಿ ಕಾಡು ಉರಿದು, ವಾಯುಸೇನೆಯ ಹೆಲಿಕಾಪ್ಟರುಗಳು ನೀರು ತಂದು ಸುರಿಸಬೇಕಾಯಿತು. ನಮ್ಮ ನಾಡಿನ ಕಾಡುಬೆಂಕಿಯ ಕಿಡಿ ಬಹುಮಟ್ಟಿಗೆ ಮನುಷ್ಯನ ಕೈಯದೇ. ಆದರೂ ಕಿಡಿ ಬಿದ್ದ ಎಲೆ ಎಷ್ಟು ಒಣಗಿರಬೇಕೆಂಬುದನ್ನು ತೀರ್ಮಾನಿಸುವ ನಿಯಮ ಬಂಡೀಪುರಕ್ಕೂ ಬ್ರಿಟಿಷ್ ಕೊಲಂಬಿಯಕ್ಕೂ ಒಂದೇ. ಉತ್ತರದ ಸ್ಪ್ರೂಸ್ ಅಡವಿಯಲ್ಲಿ ಮಾತ್ರ ಬೆಂಕಿ ಆರಿಸಿದುದರ ಪರಿಣಾಮ ಅಷ್ಟಿಲ್ಲ. ಜನರೇ ಇಲ್ಲದಲ್ಲಿ ಆರಿಸುವವರು ಯಾರು? ಅಲ್ಲಿ ನಾವು ನೋಡುತ್ತಿರುವುದು ಬಹುಪಾಲು ಗಾಳಿಯ ದಾಹದ ಪ್ರಭಾವವನ್ನೇ.

ಆ ಅಡವಿಯಲ್ಲಿ 2023ರಲ್ಲಿ ನಡೆದದ್ದು ಹಿಂದಿನ ಲೆಕ್ಕಗಳನ್ನೆಲ್ಲ ಮೀರಿತು. ಸಾಮಾನ್ಯವಾಗಿ ಕೆನಡದಲ್ಲಿ ವರ್ಷಕ್ಕೆ 20-25 ಲಕ್ಷ ಹೆಕ್ಟೇರ್ ಕಾಡು ಸುಡುವುದು. ಆ ವರ್ಷ ಸುಟ್ಟದ್ದು ಸುಮಾರು ಒಂದೂವರೆ ಕೋಟಿ ಹೆಕ್ಟೇರ್. ಕರ್ನಾಟಕದ ವಿಸ್ತೀರ್ಣವನ್ನು ನಾಲ್ಕು ಪಾಲು ಮಾಡಿದರೆ ಅದರ ಮೂರು ಪಾಲಿಗಿಂತ ಹೆಚ್ಚು. ಎರಡು ಲಕ್ಷಕ್ಕೂ ಮಿಕ್ಕಿ ಜನ ಮನೆ ಬಿಟ್ಟರು. ಆಗಸ್ಟಿನಲ್ಲಿ ಉತ್ತರದ ಯೆಲ್ಲೋನೈಫ್ ನಗರವನ್ನೇ ಖಾಲಿ ಮಾಡಿಸಲಾಯಿತು. ಬೆಂಕಿ ಆರಿಸಲು ಹೋದವರಲ್ಲಿ ಕೆಲವರು ಹಿಂದಿರುಗಲಿಲ್ಲ.

ಹೊಗೆಗೆ ಗಡಿಯಿಲ್ಲ. ಜೂನ್ ತಿಂಗಳ ಮೊದಲ ವಾರದಲ್ಲಿ ಕ್ವಿಬೆಕ್ ಪ್ರಾಂತದ ಹೊಗೆ ನ್ಯೂಯಾರ್ಕಿನ ಆಕಾಶವನ್ನು ಹಾಡುಹಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ತಿಂಗಳ ಕೊನೆಗೆ ಅಟ್ಲಾಂಟಿಕ್ ಸಾಗರವನ್ನು ದಾಟಿ ಯೂರೋಪನ್ನು ಮುಟ್ಟಿತು. ಹೊಗೆಯಲ್ಲಿ ನಮಗೆ ಕೆಡುಕಾದುದು ಕಣ್ಣಿಗೆ ಕಾಣುವ ಬೂದಿಗಿಂತ ಕಾಣದ ಕಣಗಳು. ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತ ಸಣ್ಣದಾದ ಈ ಕಣಗಳು ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಕ್ಕದೆ ಶ್ವಾಸಕೋಶದ ತುದಿಯ ಗಾಳಿಚೀಲಗಳಿಗೆ ಇಳಿಯುತ್ತವೆ. ಉಬ್ಬಸದವರಿಗೆ, ಹೃದ್ರೋಗಿಗಳಿಗೆ, ಮುದುಕರಿಗೆ, ಹಸುಗೂಸುಗಳಿಗೆ ಇದು ಪ್ರಾಣಕ್ಕೆ ಮುಟ್ಟುವ ವಿಷಯ.

ಇನ್ನು ಇಂಗಾಲದ ಲೆಕ್ಕ. 2023ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಆ ಬೆಂಕಿಗಳು ಗಾಳಿಗೆ ಬಿಟ್ಟ ಇಂಗಾಲ ಸುಮಾರು 65 ಕೋಟಿ ಟನ್ನು ಎಂದು ಉಪಗ್ರಹದ ಅಳತೆಗಳಿಂದ ಅಂದಾಜು ಮಾಡಿದ್ದಾರೆ. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ವರ್ಷವಿಡೀ ಸುಟ್ಟು ಇದಕ್ಕಿಂತ ಹೆಚ್ಚನ್ನು ಹೊರಬಿಡುವ ದೇಶಗಳು ಪ್ರಪಂಚದಲ್ಲಿ ಮೂರೇ: ಚೀನ, ಅಮೆರಿಕ ಮತ್ತು ನಮ್ಮ ಭಾರತ. ಕಾಡು ಮತ್ತೆ ಬೆಳೆದರೆ ಆ ಇಂಗಾಲವನ್ನು ಹಿಂದಕ್ಕೆ ಪಡೆಯುವುದಲ್ಲವೆ ಎಂದು ಕೇಳಬಹುದು. ಬೆಳೆದರೆ ಪಡೆಯುವುದು, ಆದರೆ ನಿಧಾನವಾಗಿ. ಸುಟ್ಟಲ್ಲಿಯೇ ಮತ್ತೆ ಹದಿನೈದು ಇಪ್ಪತ್ತು ವರ್ಷದೊಳಗೆ ಬೆಂಕಿ ಬಿದ್ದರೆ ಎಳೆಯ ಸ್ಪ್ರೂಸ್ ಮರಗಳಲ್ಲಿ ಬೀಜದ ಕಾಯಿಗಳು ಸಾಕಷ್ಟು ಕೂಡಿರುವುದಿಲ್ಲ. ಆಗ ಅಲ್ಲಿ ಏಳುವುದು ಬೇರೆ ಜಾತಿಯ ಮರಗಳು, ಇಲ್ಲವೆ ಬರಿಯ ಪೊದೆ ಮತ್ತು ಹುಲ್ಲು. ಜ್ಯಾಕ್ ಪೈನ್ ಮರದ ರಾಳ ಹಚ್ಚಿದ ಕಾಯಿಯ ಉಪಾಯವೂ ಅಷ್ಟು ಬೇಗ ಮರಳುವ ಬೆಂಕಿಗೆ ಸಿದ್ಧವಾದುದಲ್ಲ.

ಅದಕ್ಕಿಂತ ಗಂಭೀರವಾದುದು ಮೂರನೆಯ ಪುಸ್ತಕ, ಎಂದರೆ ನೆಲದಾಳದ ಪದರ. ಉತ್ತರದ ಜವುಗುನೆಲಗಳಲ್ಲಿ ಪಾಚಿಯೂ ಬೇರೂ ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಕೂಡಿಕೊಂಡು ಪೀಟ್ ಎಂಬ ಕಪ್ಪು ರಾಶಿಯಾಗಿದೆ. ನೀರಿನಲ್ಲಿ ನೆನೆದಿರುವವರೆಗೆ ಅದು ಸುಡದು. ಬೇಸಗೆಯ ಮೇಲೆ ಬೇಸಗೆ ಒಣಗಿದರೆ ಅದಕ್ಕೂ ಬೆಂಕಿ ಇಳಿಯುವುದು. ಅಲ್ಲಿ ಜ್ವಾಲೆಯಿರುವುದಿಲ್ಲ; ಹೊಟ್ಟಿನ ರಾಶಿಯೊಳಗಿನ ಕೆಂಡದಂತೆ ಬೆಂಕಿ ಒಳಗೊಳಗೇ ಕೊರೆಯುತ್ತ ಸಾಗುವುದು. ಮರ ಮತ್ತೆ ಬೆಳೆಯಲು ನೂರು ವರ್ಷ ಸಾಕಾದರೆ ಪೀಟ್ ಮತ್ತೆ ಕೂಡಲು ಸಾವಿರಗಟ್ಟಲೆ ವರ್ಷ ಬೇಕು. ಇಂಥ ಬೆಂಕಿಯನ್ನು ಹಿಮವೂ ಆರಿಸಲಾರದು. 2023ರಲ್ಲಿ ಹುಟ್ಟಿದ ಬೆಂಕಿಗಳ ಪೈಕಿ ನೂರಕ್ಕೂ ಹೆಚ್ಚು ಬ್ರಿಟಿಷ್ ಕೊಲಂಬಿಯ ಮತ್ತು ಆಲ್ಬರ್ಟ ಪ್ರಾಂತಗಳಲ್ಲಿ ಹಿಮದಡಿಯಲ್ಲಿಯೇ ಚಳಿಗಾಲವನ್ನು ಕಳೆದುವು. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ, ಬೆಳ್ಳಗಿನ ನೆಲದಿಂದ ಅಲ್ಲಲ್ಲಿ ಹೊಗೆಯೇಳುತ್ತಿತ್ತು. 2024ರ ಮೇ ತಿಂಗಳಿನಲ್ಲಿ ಹಿಮ ಕರಗಿ ಗಾಳಿ ಬಿಸಿಯಾದಾಗ ಅವುಗಳಲ್ಲಿ ಕೆಲವು ಹಳೆಯ ಗುಂಡಿಗಳಿಂದ ಮೇಲೆದ್ದು, ಹಿಂದಿನ ವರ್ಷ ಸುಡದೆ ಉಳಿದಿದ್ದ ಮರಗಳನ್ನು ಹಿಡಿದುವು.